ವೈರಸ್ಸಿನ ಕೊರಳಿಗೆ ಬೆಳಕಿನ ಗಂಟೆ



ಮಲೆನಾಡಿನ ಕಡೆ ದನಗಳನ್ನು ಕಾಡಿಗೆ ಮೇಯಲು ಬಿಡುವಾಗ ಕೊರಳಿಗೊಂದು ಗಂಟೆ ಕಟ್ಟುವ ರೂಢಿ ಉಂಟು. ಗಿಡಗಂಟಿಗಳ ನಡುವೆ ದನ ಕಣ್ಣಿಗೆ ಬೀಳುವುದಿಲ್ಲ. ಆದರೆ ಗಂಟೆಯ ಸದ್ದು ಎಲ್ಲಿಂದ ಬರುತ್ತಿದೆ, ಯಾವ ಕಡೆಗೆ ಸರಿಯುತ್ತಿದೆ, ಯಾವಾಗ ನಿಂತಿತು ಎಂಬುದರಿಂದಲೇ ದನ ಕಾಯುವ ಹುಡುಗನಿಗೆ ಬೇಕಾದದ್ದೆಲ್ಲ ತಿಳಿಯುತ್ತದೆ. ದನವನ್ನು ಹಿಡಿದು ತರಬೇಕಿಲ್ಲ, ಕಟ್ಟಿಹಾಕಬೇಕಿಲ್ಲ. ಅದು ತನ್ನ ಪಾಡಿಗೆ ಮೇಯುತ್ತಿರುವಾಗಲೇ ಅದರ ಸುದ್ದಿ ಮುಟ್ಟುತ್ತಿರುತ್ತದೆ.

ಜೀವಕೋಶವೆಂಬ ಕಾಡಿಗೆ ನುಗ್ಗುವ ವೈರಸ್ಸಿಗೂ ಇಂಥದೊಂದು ಗಂಟೆ ಕಟ್ಟಲು ವಿಜ್ಞಾನಿಗಳಿಗೆ ಸಾಧ್ಯವಾದದ್ದು 1990ರ ದಶಕದಲ್ಲಿ. ಅದು ಸದ್ದಿನ ಗಂಟೆಯಲ್ಲ, ಬೆಳಕಿನ ಗಂಟೆ. ಎರವಲು ತಂದದ್ದು ಒಂದು ಲೋಳೆಮೀನಿನಿಂದ, ಅಂದರೆ ಜೆಲ್ಲಿಫಿಶ್‌ನಿಂದ. ಸಿಯಾಟಲ್ ಸುತ್ತಮುತ್ತ ನೆಲೆಸಿರುವ ನಮಗಂತೂ ಈ ಕಥೆ ಪರಸ್ಥಳದ್ದಲ್ಲ. ಊರಿನಿಂದ ಅಪ್ಪ-ಅಮ್ಮ ಬಂದಾಗ ತಿಮಿಂಗಿಲ ತೋರಿಸಲೆಂದು ನಾವು ಫೆರ್ರಿ ಹತ್ತಿ ಸ್ಯಾನ್ ವಾನ್ ದ್ವೀಪಕ್ಕೆ ಹೋಗುತ್ತೇವಲ್ಲ, ಅಲ್ಲಿ ಇಳಿಯುವ ಫ್ರೈಡೇ ಹಾರ್ಬರ್ ಎಂಬ ಪುಟ್ಟ ಊರೇ ಈ ಕಥೆಯ ತವರು.

ನಾವು ಕಂಪ್ಯೂಟರ್ ಓದಿದವರು, ಜೀವಶಾಸ್ತ್ರಜ್ಞರಲ್ಲ. ಆದರೂ ಈ ಇತಿಹಾಸವನ್ನು ಬಳಗದ ಮುಂದಿಡಬೇಕೆನಿಸಿದ್ದಕ್ಕೆ ಎರಡು ಕಾರಣಗಳಿವೆ. ಸತ್ತ ಮೇಲೆ ನೋಡಿದ್ದಕ್ಕೂ ಬದುಕಿರುವಾಗ ನೋಡಿದ್ದಕ್ಕೂ ಎಷ್ಟು ಅಂತರವಿದೆ ಎಂಬುದು ಒಂದು. ಆ ನೋಟವನ್ನು ನಮಗೆ ದಕ್ಕಿಸಿಕೊಟ್ಟವರಿಗೆ ಲೋಕ ಏನು ಕೊಟ್ಟಿತು ಎಂಬುದು ಇನ್ನೊಂದು.

ಸತ್ತವುಗಳ ಚಿತ್ರಗಳು

ವೈರಸ್ಸುಗಳ ಸುಳಿವು ಮೊದಲು ಸಿಕ್ಕಿದ್ದು ಹೊಗೆಸೊಪ್ಪಿನ ಎಲೆಗಳಲ್ಲಿ. 1892ರಲ್ಲಿ ರಷ್ಯಾದ ಇವನೋವ್ಸ್ಕಿ, 1898ರಲ್ಲಿ ಹಾಲೆಂಡಿನ ಬೈಜೆರಿಂಕ್, ರೋಗ ಹಿಡಿದ ಎಲೆಯ ರಸವನ್ನು ಅತಿ ಸೂಕ್ಷ್ಮವಾದ ಜರಡಿಯಲ್ಲಿ ಸೋಸಿದರು. ಬ್ಯಾಕ್ಟೀರಿಯಾಗಳೆಲ್ಲ ಜರಡಿಯಲ್ಲೇ ಉಳಿದರೂ ಸೋಸಿದ ರಸ ಮತ್ತೆ ರೋಗ ಹಚ್ಚುತ್ತಿತ್ತು. ಅದರಲ್ಲಿ ಏನೋ ಇದೆ, ಆದರೆ ಕಾಣಿಸುತ್ತಿಲ್ಲ! ಅದನ್ನು ಕಣ್ಣಾರೆ ಕಾಣಲು 1939ರವರೆಗೆ ಕಾಯಬೇಕಾಯಿತು. ಆ ವರ್ಷ ಜರ್ಮನಿಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ಅದೇ ಹೊಗೆಸೊಪ್ಪಿನ ವೈರಸ್ಸು ಸಣ್ಣ ಸಣ್ಣ ಕಡ್ಡಿಗಳಂತೆ ಕಾಣಿಸಿಕೊಂಡಿತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ದೊಡ್ಡ ಉಪಕಾರ ಮಾಡಿದೆ, ಅನುಮಾನವಿಲ್ಲ. ಆದರೆ ಅದು ಕೇಳುವ ಬೆಲೆಯೂ ದೊಡ್ಡದು. ಜೀವಕೋಶವನ್ನು ರಾಸಾಯನಿಕಗಳಲ್ಲಿ ಅದ್ದಿ ಬಿಗಿಗೊಳಿಸಿ, ನೀರಿನಂಶ ತೆಗೆದು, ತೆಳ್ಳಗೆ ಸೀಳಿ, ಗಾಳಿಯಿಲ್ಲದ ಕೊಳವೆಯೊಳಗೆ ಇಟ್ಟು ನೋಡಬೇಕು. ಅಷ್ಟು ಹೊತ್ತಿಗೆ ಅಲ್ಲಿ ಯಾವುದಕ್ಕೂ ಜೀವ ಇರುವುದಿಲ್ಲ. ಸಾಫ್ಟ್‌ವೇರಿನ ಮಿತ್ರರಿಗೆ ಅವರ ಭಾಷೆಯಲ್ಲೇ ಹೇಳುವುದಾದರೆ, ಅದೊಂದು ಕೋರ್ ಡಂಪ್. ಪ್ರೋಗ್ರಾಮು ಕುಸಿದುಬಿದ್ದ ಕ್ಷಣದಲ್ಲಿ ಮೆಮೊರಿಯಲ್ಲಿ ಏನೇನಿತ್ತು ಎಂಬುದೆಲ್ಲ ಅದರಲ್ಲಿರುತ್ತದೆ. ಆ ಸ್ಥಿತಿಗೆ ಹೇಗೆ ಬಂತು ಎಂಬುದು ಮಾತ್ರ ಇರುವುದಿಲ್ಲ. ಒಂದು ಚಿತ್ರದಲ್ಲಿ ವೈರಸ್ಸು ಕೋಶದ ಹೊರಗಿದೆ, ಇನ್ನೊಂದರಲ್ಲಿ ಒಳಗಿದೆ. ನಡುವೆ ನಡೆದದ್ದನ್ನು ಊಹಿಸಿಕೊಳ್ಳಬೇಕು.

ಹಾಗಾದರೆ ಬದುಕಿರುವ ಕೋಶವನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ನೋಡಬಹುದಿತ್ತಲ್ಲ? ಅಲ್ಲಿ ಬೆಳಕಿನ ಸ್ವಭಾವವೇ ಅಡ್ಡ ಬರುತ್ತದೆ. ಬೆಳಕಿನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಚಿಕ್ಕದಾದ ವಿವರಗಳನ್ನು ಬೇರೆಬೇರೆಯಾಗಿ ಕಾಣಲಾಗದು ಎಂದು 1873ರಲ್ಲೇ ಜರ್ಮನಿಯ ಅರ್ನ್‌ಸ್ಟ್ ಅಬೆ ತೋರಿಸಿದ್ದರು. ಅದು ಹೆಚ್ಚುಕಡಿಮೆ 200 ನ್ಯಾನೋಮೀಟರ್. ಏಡ್ಸ್ ತರುವ ಎಚ್‌ಐವಿ ಸುಮಾರು 120, ಪೋಲಿಯೋ ವೈರಸ್ಸು ಬರೀ 30.

ಆದರೆ ಒಂದು ಕಿಂಡಿ ಇತ್ತು. ರಾತ್ರಿ ಅಂಗಳದಲ್ಲಿ ನಿಂತು ತಲೆಯೆತ್ತಿದರೆ ನಕ್ಷತ್ರ ಕಾಣಿಸುತ್ತದೆ. ಅದರ ಅಗಲವನ್ನು ಅಳೆಯುವ ಶಕ್ತಿ ನಮ್ಮ ಕಣ್ಣಿಗಿಲ್ಲ, ಆಕಾರವೂ ತಿಳಿಯದು. ಆದರೂ ಅದು ಎಲ್ಲಿದೆ, ಎತ್ತ ಸರಿಯಿತು ಎಂದು ಹೇಳಬಲ್ಲೆವು, ಏಕೆಂದರೆ ಕತ್ತಲಲ್ಲಿ ಬೆಳಕು ಅದರಿಂದಲೇ ಹೊರಡುತ್ತಿದೆ. ವೈರಸ್ಸೂ ಹಾಗೆ ಹೊಳೆದರೆ ಸಾಕು. ಬಣ್ಣದ ರಾಸಾಯನಿಕಗಳನ್ನು ವೈರಸ್ಸಿಗೆ ಬಳಿದು ನೋಡುವ ಪ್ರಯತ್ನಗಳೂ ನಡೆದವು. ಆದರೆ ಬಳಿದ ಬಣ್ಣ ಒಳಗೆ ಹೋದ ವೈರಸ್ಸಿಗೆ ಮಾತ್ರ. ಅದರ ಮಕ್ಕಳು, ಮರಿಮಕ್ಕಳು ಮತ್ತೆ ಕತ್ತಲೆಯವೇ. ಪೀಳಿಗೆಯಿಂದ ಪೀಳಿಗೆಗೆ ತಾನಾಗಿ ಇಳಿದುಬರುವ ದೀಪವೊಂದು ಬೇಕಾಗಿತ್ತು.

ಫ್ರೈಡೇ ಹಾರ್ಬರಿನ ಬೇಸಿಗೆ

ಒಸಾಮು ಶಿಮೊಮುರಾ ಹುಟ್ಟಿದ್ದು 1928ರಲ್ಲಿ, ಜಪಾನಿನಲ್ಲಿ. 1945ರ ಆಗಸ್ಟ್ 9ರಂದು ಅವರಿಗಿನ್ನೂ ಹದಿನಾರು. ನಾಗಾಸಾಕಿಗೆ ಹತ್ತಿರದ ಇಸಹಾಯಾದಲ್ಲಿ ಯುದ್ಧದ ಕಾರ್ಖಾನೆಯಲ್ಲಿ ಕೆಲಸಕ್ಕೆ ಹಚ್ಚಿದ್ದ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ಅಂದು ಬಾಂಬಿನ ಬೆಳಕು ಕಿಟಕಿಯಿಂದ ಹೊಡೆದಾಗ ಸ್ವಲ್ಪ ಹೊತ್ತು ಕಣ್ಣೇ ಕಾಣಿಸಲಿಲ್ಲ. ಮುಂದೆ ಇಡೀ ಬಾಳನ್ನು ಕೊಲ್ಲದ, ಸುಡದ, ತಣ್ಣನೆಯ ಬೆಳಕಿನ ಅಧ್ಯಯನಕ್ಕೆ ಮುಡಿಪಿಟ್ಟವರು ಅದೇ ಹುಡುಗ.

1960ರಲ್ಲಿ ಶಿಮೊಮುರಾ ಅಮೆರಿಕದ ಪ್ರಿನ್ಸ್‌ಟನ್ನಿಗೆ ಫ್ರಾಂಕ್ ಜಾನ್ಸನ್ ಅವರ ಬಳಿ ಕೆಲಸಕ್ಕೆ ಬಂದರು. ಮರುವರ್ಷದ ಬೇಸಿಗೆಯಲ್ಲಿ ಇಬ್ಬರೂ ಉಪಕರಣಗಳನ್ನು ಕಾರಿಗೆ ತುಂಬಿಕೊಂಡು ದೇಶದ ಈ ತುದಿಯಿಂದ ಆ ತುದಿಗೆ, ಫ್ರೈಡೇ ಹಾರ್ಬರಿಗೆ ಬಂದರು. ಇಲ್ಲಿನ ಕಡಲಲ್ಲಿ ಈಕ್ವೋರಿಯಾ ವಿಕ್ಟೋರಿಯಾ ಎಂಬ ಲೋಳೆಮೀನು ಆಗ ಯಥೇಚ್ಛವಾಗಿತ್ತು. ಅಂಗೈಯಷ್ಟು ಅಗಲ, ಗಾಜಿನಂತೆ ಪಾರದರ್ಶಕ; ಮುಟ್ಟಿದರೆ ಅಂಚಿನ ಸುತ್ತ ಹಸಿರು ಬೆಳಕು. ಅದನ್ನು ಬಲೆಯಲ್ಲಿ ಎತ್ತಿ, ಹೊಳೆಯುವ ಅಂಚನ್ನಷ್ಟೇ ಕತ್ತರಿಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುವುದು ದಿನದ ಕೆಲಸ.

ಹೊಳಪು ಹೊರಡಿಸುವ ವಸ್ತುವನ್ನು ಬೇರ್ಪಡಿಸಬೇಕಾದರೆ ಮೊದಲು ಹೊಳಪನ್ನು ತಡೆಯಬೇಕು. ಇಲ್ಲವಾದರೆ ಹಿಂಡುವಷ್ಟರಲ್ಲೇ ಅದು ಉರಿದು ಮುಗಿಯುತ್ತದೆ. ಶಿಮೊಮುರಾ ದೋಣಿಯೊಂದರಲ್ಲಿ ಒಬ್ಬರೇ ಕುಳಿತು ದಿನಗಟ್ಟಲೆ ಯೋಚಿಸಿದರು. ರಸವನ್ನು ಸ್ವಲ್ಪ ಆಮ್ಲೀಯ ಮಾಡಿದರೆ ಬೆಳಕು ನಿಲ್ಲುತ್ತದೆಂದು ಕಂಡುಕೊಂಡರು. ಒಂದು ದಿನ ಕೆಲಸ ಮುಗಿಸಿ ಉಳಿದ ರಸವನ್ನು ತೊಟ್ಟಿಗೆ ಚೆಲ್ಲಿದಾಗ ತೊಟ್ಟಿಯೆಲ್ಲ ನೀಲಿಯಾಗಿ ಝಗ್ಗೆಂದಿತು! ಮೀನಿನ ತೊಟ್ಟಿಯಿಂದ ಹರಿದುಬರುತ್ತಿದ್ದ ಕಡಲ ನೀರು ಅದೇ ತೊಟ್ಟಿಗೆ ಬೀಳುತ್ತಿತ್ತು. ಕಡಲ ನೀರಿನ ಕ್ಯಾಲ್ಸಿಯಂ ಈ ದೀಪದ ಸ್ವಿಚ್ಚು ಎಂಬುದು ಆ ಕ್ಷಣ ತಿಳಿಯಿತು. ಆ ಬೇಸಿಗೆ ಸುಮಾರು 10,000 ಲೋಳೆಮೀನು ಹಿಡಿದರು. ಅಷ್ಟಕ್ಕೂ ಕೊನೆಗೆ ಕೈಗೆ ಬಂದ ಶುದ್ಧ ವಸ್ತು ಕೆಲವೇ ಮಿಲಿಗ್ರಾಂ. ಅದಕ್ಕೆ ಈಕ್ವೋರಿನ್ ಎಂದು ಹೆಸರಿಟ್ಟರು.

ಆದರೆ ಈಕ್ವೋರಿನ್ನಿನ ಬೆಳಕು ನೀಲಿ, ಲೋಳೆಮೀನಿನ ಬೆಳಕು ಹಸಿರು. ಈ ವ್ಯತ್ಯಾಸಕ್ಕೆ ಕಾರಣ ಅದರ ಜೊತೆಗಿದ್ದ ಇನ್ನೊಂದು ಪ್ರೋಟೀನು. ಅದು ನೀಲಿ ಬೆಳಕನ್ನು ನುಂಗಿ ಹಸಿರನ್ನು ಹೊರಗೆ ಬಿಡುತ್ತಿತ್ತು. ಒಂದು ಬಣ್ಣ ಹೀರಿ ಇನ್ನೊಂದನ್ನು ಹೊಮ್ಮಿಸುವ ಈ ಗುಣಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ನಮ್ಮ ಜೇಬಿನ ಇಪ್ಪತ್ತು ಡಾಲರ್ ನೋಟನ್ನು ನೇರಳಾತೀತ ದೀಪದ ಕೆಳಗೆ ಹಿಡಿದರೆ ಅದರೊಳಗಿನ ಎಳೆ ಹಸಿರಾಗಿ ಹೊಳೆಯುತ್ತದಲ್ಲ, ಅದೇ ಗುಣ. 1962ರ ಲೇಖನದಲ್ಲಿ ಈ ಹಸಿರು ಪ್ರೋಟೀನಿನ ಪ್ರಸ್ತಾಪ ಬಂದುಹೋಗುತ್ತದೆ, ಅಡಿಟಿಪ್ಪಣಿಯ ಹಾಗೆ. ಮುಂದೆ ಗ್ರೀನ್ ಫ್ಲೋರೆಸೆಂಟ್ ಪ್ರೋಟೀನ್, ಚುಟುಕಾಗಿ ಜಿಎಫ್‌ಪಿ, ಎಂದು ಜಗತ್ತಿಗೆ ಪರಿಚಯವಾದದ್ದು ಇದೇ.

ಶಿಮೊಮುರಾ ಅವರ ಸಂಸಾರವೇ ಬೇಸಿಗೆಯ ಮೇಲೆ ಬೇಸಿಗೆ ಬಂದು ಲೋಳೆಮೀನು ಹಿಡಿಯಿತು. ಬಲೆ ಹಿಡಿದು ನಿಂತ ಮಕ್ಕಳಲ್ಲಿ ಒಬ್ಬರು ತ್ಸುತೋಮು. ಕಂಪ್ಯೂಟರ್ ಜನರಿಗೆ ಈ ಹೆಸರು ಪರಿಚಿತವೇ: 1995ರಲ್ಲಿ ಕೆವಿನ್ ಮಿಟ್ನಿಕ್ ಎಂಬ ಕುಖ್ಯಾತ ಹ್ಯಾಕರನ ಜಾಡು ಹಿಡಿದು ಪೊಲೀಸರಿಗೆ ತೋರಿಸಿಕೊಟ್ಟವರು ಇವರೇ. ಅಪ್ಪ ಕಡಲಲ್ಲಿ ಬೆಳಕಿನ ಜಾಡು ಹಿಡಿದರು, ಮಗ ತಂತಿಗಳಲ್ಲಿ ಕಳ್ಳನ ಜಾಡು!

ಪ್ರಾಶರ್ ಹಂಚಿದ ಜೀನ್

ಲೋಳೆಮೀನಿನ ಹೊಳಪು ಲೋಳೆಮೀನಿನಲ್ಲೇ ಉಳಿದಿದ್ದರೆ ಅದು ಬರೀ ಒಂದು ಕೌತುಕವಾಗಿರುತ್ತಿತ್ತು. ಅದನ್ನು ಎಲ್ಲರ ಕೈಗೆ ಎಟುಕುವಂತೆ ಮಾಡಿದವರು ಡಗ್ಲಸ್ ಪ್ರಾಶರ್. ಅಮೆರಿಕದ ಪೂರ್ವ ತೀರದ ವುಡ್ಸ್ ಹೋಲ್‌ನಲ್ಲಿ ಕೆಲಸ ಮಾಡುತ್ತಿದ್ದ ಅವರು ಹಸಿರು ಪ್ರೋಟೀನನ್ನು ಕಟ್ಟುವ ಜೀನನ್ನು, ಅಂದರೆ ಅದರ ಮೂಲ ಬರಹವನ್ನು, ಬೇರ್ಪಡಿಸಿ ಓದಿ 1992ರಲ್ಲಿ ಪ್ರಕಟಿಸಿದರು. ಪ್ರೋಟೀನು 238 ಅಮೈನೋ ಆಮ್ಲಗಳ ಸರ. ಈ ಜೀನನ್ನು ಬೇರೆ ಯಾವುದಾದರೂ ಪ್ರೋಟೀನಿನ ಜೀನಿಗೆ ಹೊಲಿದುಬಿಟ್ಟರೆ ಆ ಪ್ರೋಟೀನು ಹುಟ್ಟುವಾಗಲೇ ದೀಪ ಹೊತ್ತು ಹುಟ್ಟಬಹುದಲ್ಲವೇ ಎಂಬ ಯೋಚನೆಯೂ ಅವರಿಗಿತ್ತು.

ಆದರೆ ಹಣ ಮುಗಿದಿತ್ತು. ಮುಂದಿನ ಕೆಲಸಕ್ಕೆ ಎನ್‌ಐಎಚ್‌ಗೆ ಹಾಕಿದ ಅರ್ಜಿ ತಿರಸ್ಕೃತವಾಯಿತು. ಪ್ರಾಶರ್ ಆ ಕ್ಷೇತ್ರವನ್ನೇ ಬಿಡಲು ನಿಶ್ಚಯಿಸಿದರು. ಬಿಡುವ ಮುನ್ನ, ತಮ್ಮನ್ನು ಕೇಳಿದ್ದ ಇಬ್ಬರಿಗೆ ಜೀನಿನ ಪ್ರತಿಯನ್ನು ಕಳಿಸಿಕೊಟ್ಟರು: ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಚಾಲ್ಫಿ ಅವರಿಗೆ, ಸ್ಯಾನ್ ಡಿಯಾಗೋದ ರಾಜರ್ ಚೆನ್ ಅವರಿಗೆ.

1994ರಲ್ಲಿ ಚಾಲ್ಫಿ ತಂಡ ಆ ಜೀನನ್ನು ಬ್ಯಾಕ್ಟೀರಿಯಾದಲ್ಲೂ ಒಂದು ಸಣ್ಣ ಹುಳದ ನರಕೋಶಗಳಲ್ಲೂ ಹೊಳೆಸಿ ತೋರಿಸಿತು. ಲೋಳೆಮೀನಿನ ಇನ್ಯಾವ ನೆರವೂ ಬೇಕಾಗಲಿಲ್ಲ ಎಂಬುದೇ ದೊಡ್ಡ ಅಚ್ಚರಿ. ಈ ಪ್ರೋಟೀನು ಪೀಪಾಯಿಯ ಆಕಾರಕ್ಕೆ ಮಡಚಿಕೊಳ್ಳುತ್ತದೆ. ಅದರ ನಡುವೆ 65, 66, 67ನೆಯ ಅಮೈನೋ ಆಮ್ಲಗಳು ತಮ್ಮಷ್ಟಕ್ಕೆ ತಾವೇ ಸೇರಿಕೊಂಡು ದೀಪವಾಗುತ್ತವೆ. ಸ್ವಲ್ಪ ಆಮ್ಲಜನಕ ಸಿಕ್ಕರೆ ಸಾಕು. ಚೆನ್ ಅವರು ಈ ದೀಪದ ಹೊಳಪು ಹೆಚ್ಚಿಸಿ ಬೇರೆ ಬಣ್ಣಗಳನ್ನೂ ತಂದರು. 1999ರಲ್ಲಿ ರಷ್ಯಾದ ಸೆರ್ಗೆಯ್ ಲುಕ್ಯಾನೊವ್ ತಂಡಕ್ಕೆ ಹವಳದ ಜಾತಿಯ ಜೀವಿಯಲ್ಲಿ ಕೆಂಪು ದೀಪ ಸಿಕ್ಕಿತು. ಅಲ್ಲಿಂದ ಮುಂದೆ ಒಂದೇ ಕೋಶದಲ್ಲಿ ಎರಡು ಮೂರು ಬಣ್ಣಗಳ ಗಂಟೆ ಕಟ್ಟುವುದು ಸಾಧ್ಯವಾಯಿತು.

2008ರ ಅಕ್ಟೋಬರ್ 8ರಂದು ಶಿಮೊಮುರಾ, ಚಾಲ್ಫಿ, ಚೆನ್ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಘೋಷಣೆಯಾಯಿತು. ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವಂತಿಲ್ಲ ಎಂಬುದು ನೊಬೆಲ್ ನಿಯಮ. ನಾಲ್ಕನೆಯವರಾದ ಪ್ರಾಶರ್ ಅಂದು ಅಲಬಾಮಾದ ಹಂಟ್ಸ್‌ವಿಲ್ಲಿನಲ್ಲಿ ಕಾರು ಮಾರುವ ಮಳಿಗೆಯೊಂದರ ವ್ಯಾನ್ ಓಡಿಸುತ್ತಿದ್ದರು. ಗಿರಾಕಿಗಳನ್ನು ಮನೆಗೆ ಬಿಟ್ಟು ಬರುವ ಆ ಕೆಲಸಕ್ಕೆ ಗಂಟೆಗೆ ಎಂಟೂವರೆ ಡಾಲರ್. ನೊಬೆಲ್ ಸಮಿತಿ ಪ್ರಾಶರ್ ಹಾಗೂ ಮಿಕ್ಕಿಬ್ಬರಿಗೆ ಬಹುಮಾನ ಕೊಟ್ಟು ತಮ್ಮನ್ನು ಬಿಡಬಹುದಿತ್ತು ಎಂದು ಚಾಲ್ಫಿ ಬಹಿರಂಗವಾಗಿಯೇ ಹೇಳಿದರು. ಚಾಲ್ಫಿ ಮತ್ತು ಚೆನ್ ತಮ್ಮ ಖರ್ಚಿನಲ್ಲಿ ಪ್ರಾಶರ್ ದಂಪತಿಯನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡರು. ಪ್ರಾಶರ್ ಮುಂದೆ ಕೆಲವು ವರ್ಷ ಚೆನ್ ಅವರ ಪ್ರಯೋಗಾಲಯದಲ್ಲಿ ಮತ್ತೆ ವಿಜ್ಞಾನದ ಕೆಲಸ ಮಾಡಿದರು.

ವೀಸಾದ ಮೇಲೆ, ಪ್ರಾಜೆಕ್ಟಿನ ಮೇಲೆ ದಿನ ಎಣಿಸಿರುವ ನಮ್ಮಂಥ ಹೊರನಾಡಿಗರಿಗೆ ಈ ಪ್ರಸಂಗ ಸುಲಭವಾಗಿ ಮರೆಯುವಂಥದ್ದಲ್ಲ. ಕೆಲಸದ ಯೋಗ್ಯತೆ ಬೇರೆ, ಕೆಲಸ ಉಳಿಯುವುದು ಬೇರೆ.

ಗಂಟೆ ಕಟ್ಟಿದ ವೈರಸ್ಸುಗಳು

ಈಗ ವೈರಸ್ಸಿನ ವಿಷಯಕ್ಕೆ ಬರೋಣ. ಜಿಎಫ್‌ಪಿ ಜೀನ್ ಸಿಕ್ಕ ಕೂಡಲೇ ವೈರಸ್ಸಿನ ಬೆನ್ನು ಹತ್ತಿದವರಲ್ಲಿ ಗಿಡಗಳ ರೋಗ ಓದುವವರೂ ಇದ್ದರು. 1995ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಡೇವಿಡ್ ಬಾಲ್ಕೂಂ ಮತ್ತು ಸಂಗಡಿಗರು ಆಲೂಗೆಡ್ಡೆಗೆ ತಗಲುವ ವೈರಸ್ಸೊಂದಕ್ಕೆ ಆ ಜೀನನ್ನು ಸೇರಿಸಿದರು. ಸೋಂಕು ಹರಡಿದ ಎಲೆಯನ್ನು ನೇರಳಾತೀತ ದೀಪಕ್ಕೆ ಹಿಡಿದರೆ ರೋಗದ ನಕ್ಷೆಯೇ ಹಸಿರಾಗಿ ಮೂಡುತ್ತಿತ್ತು. ಎಲೆಯನ್ನು ಕೀಳಬೇಕಿಲ್ಲ, ಅರೆಯಬೇಕಿಲ್ಲ. ನಾಳೆ ಬಂದು ಅದೇ ಎಲೆಯನ್ನು ಮತ್ತೆ ನೋಡಬಹುದು.

ಅದು ಸೋಂಕಿತ ಕೋಶ ಹೊಳೆಯುವ ಬಗೆ. ವೈರಸ್ಸಿನ ಮೈಯೇ ಹೊಳೆಯಬೇಕಾದರೆ ಅದರ ಕವಚದ ಪ್ರೋಟೀನಿಗೆ ದೀಪ ಹೊಲಿಯಬೇಕು. 1998ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಪ್ರಶಾಂತ್ ದೇಸಾಯಿ ಮತ್ತು ಸ್ಟಾನ್ಲಿ ಪರ್ಸನ್, ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿಗೆ ಈ ಕೆಲಸ ಮಾಡಿದರು. ಅದರ ಕವಚದ ಹೊರಮೈಯಲ್ಲಿ ವಿಪಿ26 ಎಂಬ ಪುಟ್ಟ ಪ್ರೋಟೀನಿನ 900 ಪ್ರತಿಗಳಿರುತ್ತವೆ. ಅದಕ್ಕೆ ಜಿಎಫ್‌ಪಿ ಕಟ್ಟಿದರೂ ವೈರಸ್ಸು ಬದುಕಿತು, ಬೆಳೆಯಿತು, ಹೊಳೆಯಿತು. ಅದರ ಸಂತಾನವೂ ದೀಪ ಹೊತ್ತೇ ಹುಟ್ಟಿತು.

ಇದೇ ಗುಂಪಿಗೆ ಸೇರಿದ, ಹಂದಿಗಳಿಗೆ ತಗಲುವ ವೈರಸ್ಸಿಗೆ ಇದೇ ಗಂಟೆ ಕಟ್ಟಿ ಪ್ರಿನ್ಸ್‌ಟನ್ನಿನ ಲಿನ್ ಎಂಕ್ವಿಸ್ಟ್ ಮತ್ತು ಸಂಗಡಿಗರು 2001ರಲ್ಲಿ ಕೋಳಿಮರಿಯ ನರತಂತುಗಳಲ್ಲಿ ಅದರ ಓಡಾಟ ನೋಡಿದರು. ವೈರಸ್ಸಿಗೆ ಕೈಕಾಲಿಲ್ಲ. ಕೋಶದೊಳಗೆ ಸರಕು ಸಾಗಿಸಲು ಹಾಕಿಟ್ಟ ಹಳಿಗಳನ್ನೂ ಎಳೆಯುವ ಪ್ರೋಟೀನುಗಳನ್ನೂ ಬಳಸಿಕೊಂಡು, ಲಾರಿಯ ಹಿಂದೆ ಪುಕ್ಕಟೆ ಹತ್ತಿದವನಂತೆ ಹೋಗುತ್ತದೆ. ಹೊಳೆಯುವ ಚುಕ್ಕೆಗಳು ಸೆಕೆಂಡಿಗೆ ಒಂದೆರಡು ಮೈಕ್ರಾನ್ ವೇಗದಲ್ಲಿ ಓಡುತ್ತಿದ್ದವು. ನಿಲ್ಲದೆ ಓಡಿದರೆ ದಿನಕ್ಕೆ ಎಂಟು ಸೆಂಟಿಮೀಟರಿಗೂ ಹೆಚ್ಚು! ಅದೂ ಒಂದೇ ದಿಕ್ಕಿಗಲ್ಲ: ಮುಂದೆ ಹೋಗಿ, ನಿಂತು, ಹಿಂದೆ ತಿರುಗಿ, ಮತ್ತೆ ಮುಂದೆ. ಈ ಹಿಂದುಮುಂದಿನ ನಡಿಗೆ ಯಾವ ನಿಶ್ಚಲ ಚಿತ್ರದಲ್ಲಿ ತಾನೇ ಕಂಡೀತು?

ಎಚ್‌ಐವಿಯ ಕಥೆಯೂ ಹೀಗೆಯೇ ಬಿಚ್ಚಿಕೊಂಡಿತು. 2002ರಲ್ಲಿ ಷಿಕಾಗೋದ ಥಾಮಸ್ ಹೋಪ್ ಅವರ ತಂಡ, ಒಳನುಗ್ಗಿದ ಎಚ್‌ಐವಿ ಕೋಶದ ಹಳಿಗಳ ಮೇಲೆ ಕೋಶಕೇಂದ್ರದ ಕಡೆಗೆ ಸಾಗುವುದನ್ನು ಕಂಡಿತು. 2008ರಲ್ಲಿ ನ್ಯೂಯಾರ್ಕಿನ ನೋಲ್ವೆನ್ ಜುವೆನೆ, ಪಾಲ್ ಬಿಯೆನಿಯಾಶ್, ಸ್ಯಾನ್‌ಫರ್ಡ್ ಸೈಮನ್ ಅವರು ಎಚ್‌ಐವಿಯ ಒಂದೊಂದು ಕಣ ಕೋಶದ ಅಂಚಿನಲ್ಲಿ ಕಟ್ಟಿಕೊಳ್ಳುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರು. ಕತ್ತಲಲ್ಲಿ ಚುಕ್ಕೆ ಮೂಡಿ, ಬೆಳಗಿ, ಸ್ಥಿರವಾಗಲು ಐದಾರು ನಿಮಿಷ. ಒಲೆಯ ಮೇಲಿಟ್ಟ ಕಾಫಿಯ ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಒಂದು ವೈರಸ್ಸು ಸಿದ್ಧ! 2009ರಲ್ಲಿ ಮೌಂಟ್ ಸೈನೈನ ಬೆಂಜಮಿನ್ ಚೆನ್ ಹಾಗೂ ಕ್ಯಾಲಿಫೋರ್ನಿಯಾದ ಥಾಮಸ್ ಹೂಸರ್ ತಂಡಗಳು, ಸೋಂಕಿತ ಕೋಶ ಪಕ್ಕದ ಕೋಶಕ್ಕೆ ಒತ್ತಿಕೊಂಡು ವೈರಸ್ಸನ್ನು ಕೈಯಿಂದ ಕೈಗೆ ಎಂಬಂತೆ ದಾಟಿಸುವ ದೃಶ್ಯವನ್ನು ಸೆರೆಹಿಡಿದವು.

75 ನಿಮಿಷದ ಒಗಟು

ಬದುಕಿರುವುದನ್ನು ನೋಡುವುದು ಬರೀ ಕಣ್ಣಿಗೆ ಹಬ್ಬವಲ್ಲ, ಗಟ್ಟಿಯೆಂದುಕೊಂಡ ಲೆಕ್ಕವನ್ನೂ ಬುಡಮೇಲು ಮಾಡಬಲ್ಲದು. ಅದಕ್ಕೆ ಒಂದು ಒಳ್ಳೆಯ ಉದಾಹರಣೆ ವ್ಯಾಕ್ಸೀನಿಯಾ. ನಮ್ಮ ಅಪ್ಪ-ಅಮ್ಮಂದಿರ ತೋಳಿನ ಮೇಲೆ ಸಿಡುಬಿನ ದಾಕು ಹಾಕಿಸಿದ ಗುಂಡನೆಯ ಕಲೆ ಇದೆಯಲ್ಲ, ಆ ಲಸಿಕೆಯಲ್ಲಿದ್ದದ್ದು ಇದೇ ವೈರಸ್ಸು.

ಒಂದು ವೈರಸ್ಸು ಕೋಶಕ್ಕೆ ಹೊಕ್ಕು, ಮರಿ ಹಾಕಿ, ಆ ಮರಿಗಳು ಪಕ್ಕದ ಕೋಶಕ್ಕೆ ಹೊಗಬೇಕು. ವ್ಯಾಕ್ಸೀನಿಯಾಗೆ ಈ ಒಂದು ಸುತ್ತಿಗೆ ಐದಾರು ಗಂಟೆ ಬೇಕು. ಹಾಗಾದರೆ ಸೋಂಕು ಒಂದು ಕೋಶದಷ್ಟು ದೂರ ಮುಂದೆ ಸರಿಯಲೂ ಐದಾರು ಗಂಟೆ ಬೇಕು, ಅಲ್ಲವೇ? ಪುಸ್ತಕದ ಲೆಕ್ಕ ಹಾಗೇ ಹೇಳುತ್ತಿತ್ತು. 2010ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜೆಫ್ರಿ ಸ್ಮಿತ್ ಮತ್ತು ಸಂಗಡಿಗರು ಹೊಳೆಯುವ ವ್ಯಾಕ್ಸೀನಿಯಾದ ಚಿತ್ರಸುರುಳಿ ತೆಗೆದು ಅಳೆದಾಗ ಬಂದ ಉತ್ತರ: ಕೋಶವೊಂದಕ್ಕೆ 75 ನಿಮಿಷ. ಲೆಕ್ಕಕ್ಕಿಂತ ನಾಲ್ಕು ಪಟ್ಟು ವೇಗ!

ಗುಟ್ಟು ಇಷ್ಟೇ. ವೈರಸ್ಸು ಹೊಕ್ಕ ಕೋಶ, ಮರಿಗಳು ಹುಟ್ಟುವುದಕ್ಕೆ ಬಹಳ ಮೊದಲೇ, ತನ್ನ ಹೊರಮೈಯಲ್ಲಿ ವೈರಸ್ಸಿನ ಎರಡು ಪ್ರೋಟೀನುಗಳನ್ನು ಪ್ರದರ್ಶಿಸುತ್ತದೆ. ಟಾಕೀಸಿನ ಬಾಗಿಲಿಗೆ ಹೌಸ್‌ಫುಲ್ ಬೋರ್ಡು ತೂಗುಹಾಕಿದ ಹಾಗೆ. ಹೊಸದಾಗಿ ಬಂದ ವೈರಸ್ಸು ಆ ಕೋಶದ ಮೇಲೆ ಕುಳಿತರೆ, ಕೆಳಗಿನಿಂದ ಆಕ್ಟಿನ್ ಎಂಬ ಎಳೆಗಳು ಎದ್ದು ಅದನ್ನು ಆಚೆ ನೂಕುತ್ತವೆ. ಅದು ಇನ್ನೊಂದರ ಮೇಲೆ ಬೀಳುತ್ತದೆ. ಅಲ್ಲೂ ಬೋರ್ಡು ಇದ್ದರೆ ಮತ್ತೆ ಮುಂದಕ್ಕೆ. ಹೀಗೆ ತುಂಬಿದ ಮನೆಗಳ ಮೇಲೆ ಹಾರಿಹಾರಿ ಖಾಲಿ ಮನೆ ಸೇರುತ್ತದೆ. ಆರಂಭದಲ್ಲೇ ತಯಾರಾಗುವ ಆ ಎರಡು ಪ್ರೋಟೀನುಗಳಲ್ಲಿ ಒಂದನ್ನು ತಡೆದರೂ ಹರಡುವ ವೇಗ ಕುಗ್ಗುತ್ತದೆ. ಇನ್ನೂರು ವರ್ಷ ಮನುಷ್ಯರ ತೋಳಿಗೆ ಚುಚ್ಚಿದ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮತ್ತೆ ಮತ್ತೆ ನೋಡಿದ ವೈರಸ್ಸು, ತನ್ನ ಈ ನಡೆಯನ್ನು ಬಿಟ್ಟುಕೊಟ್ಟದ್ದು ಬದುಕಿರುವಾಗ ನೋಡಿದವರಿಗೆ.

ಗಂಟೆಯ ಭಾರ

ಎಳೆಗರುವಿನ ಕೊರಳಿಗೆ ಎತ್ತಿನ ಗಂಟೆ ಕಟ್ಟಿದರೆ ಅದರ ನಡಿಗೆಯೇ ಬದಲಾಗುತ್ತದೆ. ಆಮೇಲೆ ಕರುವಿನ ನಡಿಗೆ ಹೀಗೆ ಎಂದು ಬರೆದುಕೊಂಡರೆ ನಗೆಪಾಟಲು. ಪ್ರೋಗ್ರಾಮಿನ ತಪ್ಪು ಹುಡುಕಲು ನಡುನಡುವೆ ಒಂದು ಸಾಲು ಮುದ್ರಿಸುವ ಆಜ್ಞೆ ಸೇರಿಸಿದರೆ ತಪ್ಪೇ ಮಾಯವಾಗುವುದು, ಆಜ್ಞೆ ತೆಗೆದರೆ ಮತ್ತೆ ಪ್ರತ್ಯಕ್ಷವಾಗುವುದು ಸಾಫ್ಟ್‌ವೇರಿನವರಿಗೆ ಹೊಸತಲ್ಲ. ವೈರಸ್ಸುಗಳ ವಿಷಯದಲ್ಲೂ ಇದೇ ಭಯ.

ಜಿಎಫ್‌ಪಿಯ ಪೀಪಾಯಿ ನಾಲ್ಕು ನ್ಯಾನೋಮೀಟರಿಗಿಂತ ತುಸು ಎತ್ತರ. ಹರ್ಪಿಸ್‌ನಂಥ ದೊಡ್ಡ ವೈರಸ್ಸಿಗೆ ಅದು ಹೊರೆಯಲ್ಲದಿರಬಹುದು. 30 ನ್ಯಾನೋಮೀಟರಿನ ಪೋಲಿಯೋದಂಥ ವೈರಸ್ಸಿನ ಬಿಗಿಯಾದ ಕವಚಕ್ಕೆ ಅದು ತಾಳಲಾರದ ಹೊರೆ. ಪುಟ್ಟ ಆರ್‌ಎನ್‌ಎ ವೈರಸ್ಸುಗಳು ನಾಲ್ಕಾರು ಪೀಳಿಗೆ ಕಳೆಯುವಷ್ಟರಲ್ಲಿ ಈ ಬೇಡದ ಸಾಮಾನನ್ನು ಕಿತ್ತೆಸೆಯುವುದೂ ಉಂಟು. 2004ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬಾರ್ಬರಾ ಮ್ಯೂಲರ್ ಮತ್ತು ಸಂಗಡಿಗರು ಎಚ್‌ಐವಿಯ ಮುಖ್ಯ ಪ್ರೋಟೀನಿಗೆ ದೀಪ ಕಟ್ಟಿದಾಗ, ದೀಪ ಹೊತ್ತವುಗಳ ಜೊತೆ ದೀಪವಿಲ್ಲದವನ್ನೂ ಬೆರೆಸಿದರೆ ಮಾತ್ರ ಕಣಗಳು ಸಹಜ ರೂಪ, ಸಹಜ ಶಕ್ತಿ ಪಡೆದವು. ಎಲ್ಲರ ಕೊರಳಿಗೂ ಗಂಟೆ ಕಟ್ಟಬಾರದು, ಹಿಂಡಿನಲ್ಲಿ ಕೆಲವಕ್ಕೆ ಕಟ್ಟಿದರೆ ಸಾಕು!

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಎಚ್‌ಐವಿಯ ಬಹುಪಾಲು ಕಣಗಳು ಸೋಂಕು ಹಚ್ಚಲಾರದೆ ದಾರಿಯಲ್ಲೇ ನಾಶವಾಗುತ್ತವೆ. ಪರದೆಯ ಮೇಲೆ ಅಂದವಾಗಿ ಓಡುವ ಹಸಿರು ಚುಕ್ಕೆ ಗೆಲ್ಲುವ ಕಣವೋ ಸೋಲುವ ಕಣವೋ ಯಾರು ಹೇಳಬೇಕು? ಆದ್ದರಿಂದಲೇ ಈ ಕ್ಷೇತ್ರದ ಒಳ್ಳೆಯ ಲೇಖನಗಳಲ್ಲಿ ಹೊಳೆಯುವ ಚಿತ್ರಗಳಿಗಿಂತ ಮೊದಲು ಒಂದು ಒಣ ಪಟ್ಟಿ ಬರುತ್ತದೆ: ದೀಪವಿಲ್ಲದ ಮೂಲ ವೈರಸ್ಸು ಎಷ್ಟು ಬೆಳೆಯಿತು, ದೀಪವಿರುವುದು ಎಷ್ಟು ಬೆಳೆಯಿತು. ಚಿತ್ರದ ಮರ್ಯಾದೆ ಉಳಿಸುವುದು ಆ ಪಟ್ಟಿ.

ಕಡಲಿನಿಂದ ನಮ್ಮ ತೋಳಿಗೆ

2020ರಲ್ಲಿ ಕೋವಿಡ್ ಬಂದಾಗ ಈ ಅನುಭವವೆಲ್ಲ ಕೈಗೆ ಬಂತು. ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನ ವಿಜ್ಞಾನಿಗಳು ಕೊರೋನಾ ವೈರಸ್ಸಿನ ಒಂದು ಜೀನನ್ನು ತೆಗೆದು ಅಲ್ಲಿ ಎಂನಿಯಾನ್‌ಗ್ರೀನ್ ಎಂಬ ಹಸಿರು ದೀಪದ ಜೀನ್ ಕೂರಿಸಿದರು. ಇದು ಲೋಳೆಮೀನಿನದಲ್ಲ, ಲ್ಯಾನ್ಸ್‌ಲೆಟ್ ಎಂಬ ಇನ್ನೊಂದು ಕಡಲ ಜೀವಿಯಿಂದ ಬಂದದ್ದು. ದಾರಿ ಮಾತ್ರ ಶಿಮೊಮುರಾ, ಪ್ರಾಶರ್ ಹಾಕಿಕೊಟ್ಟದ್ದೇ. ಲಸಿಕೆ ಪಡೆದವರ ರಕ್ತದ್ರವವನ್ನು ಈ ವೈರಸ್ಸಿನೊಂದಿಗೆ ಬೆರೆಸಿ ಕೋಶಗಳ ಮೇಲೆ ಸುರಿದು, ಮಾರನೆಯ ದಿನ ಹಸಿರು ಕೋಶಗಳನ್ನು ಎಣಿಸಿದರೆ ಮುಗಿಯಿತು. ಹಸಿರು ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಹಳೆಯ ವಿಧಾನದಲ್ಲಿ ಇದಕ್ಕೆ ಹಲವು ದಿನ ಕಾಯಬೇಕಿತ್ತು. ಅಮೆರಿಕದಲ್ಲಿರುವ ನಮ್ಮಲ್ಲಿ ಬಹಳ ಮಂದಿ ಹಾಕಿಸಿಕೊಂಡ ಫೈಜರ್-ಬಯೋಎನ್‌ಟೆಕ್ ಲಸಿಕೆಯ ಆರಂಭದ ಪರೀಕ್ಷೆಗಳಲ್ಲಿ ಈ ಹಸಿರು ವೈರಸ್ಸನ್ನೇ ಬಳಸಲಾಯಿತು.

ಚೆನ್ 2016ರಲ್ಲಿ, ಶಿಮೊಮುರಾ 2018ರಲ್ಲಿ ತೀರಿಕೊಂಡರು. ಫ್ರೈಡೇ ಹಾರ್ಬರಿನ ಕಡಲಿನಲ್ಲಿ ಒಂದು ಕಾಲಕ್ಕೆ ಬಲೆಗೆ ತುಂಬಿ ಬರುತ್ತಿದ್ದ ಆ ಲೋಳೆಮೀನುಗಳು 1990ರ ನಂತರ ಬಹಳ ವಿರಳವಾದವು ಎಂದು ಶಿಮೊಮುರಾ ಅವರೇ ದಾಖಲಿಸಿದ್ದಾರೆ. ಪ್ರಾಶರ್ ಆ ಜೀನಿನ ಪ್ರತಿ ಪ್ರಕಟಿಸಿದ್ದು 1992ರಲ್ಲಿ. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂಲ ಮಾಯವಾಗುವ ಹೊತ್ತಿಗೆ ಪ್ರತಿ ಸಿದ್ಧವಾಗಿತ್ತು. ಪ್ರತಿ ಮಾಡಿದವರ ಹಣ ನಿಂತದ್ದು ಆಮೇಲೆ. ಅದೇ ಹಣ ಎರಡು ವರ್ಷ ಮೊದಲೇ ನಿಂತಿದ್ದರೆ? ಲೋಳೆಮೀನು ಏಕೆ ಹೊಳೆಯುತ್ತದೆ ಎಂದು ಕೇಳುವವರಿಗೆ ಇದರಿಂದ ಏನು ಪ್ರಯೋಜನ ಎಂದು ಮರುಪ್ರಶ್ನೆ ಹಾಕುವ ಮುನ್ನ ಈ ಲೆಕ್ಕ ನೆನಪಿಗೆ ಬರಲಿ.

ಕೊನೆಗೊಂದು ಕೋರಿಕೆ. ಈ ಬರಹದುದ್ದಕ್ಕೂ ಟ್ಯಾಗ್ ಎಂಬುದಕ್ಕೆ ನಾವು ಗಂಟೆ ಎಂದೂ ದೀಪ ಎಂದೂ ಬರೆದು ದಾಟಿಕೊಂಡಿದ್ದೇವೆ. ಕಟ್ಟಿದ್ದೂ ಆಗಿ, ಹೊಳೆಯುವುದೂ ಆಗಿ, ಪೀಳಿಗೆಗೆ ಇಳಿಯುವುದೂ ಆಗಿರುವ ಈ ವಸ್ತುವಿಗೆ ಒಂದೇ ಮಾತಿನ ಕನ್ನಡ ಹೆಸರು ಯಾರಿಗಾದರೂ ಹೊಳೆದರೆ ಬಳಗಕ್ಕೆ ಬರೆಯಿರಿ. ಕಾಯುತ್ತಿರುತ್ತೇವೆ.